ನಡುಮನೆಯ ಏವೊರಾ

ಆ ದಿನಗಳಲ್ಲಿ ನಮಗೆ ಬೆಳಗಾಗುವ ಹೊತ್ತಿಗೆ ಅಪ್ಪನಿಗೆ ಸಂಜೆಯಾಗುತ್ತಿತ್ತು. ಸ್ಯಾನ್ ಡಿಯೇಗೋದಿಂದ ಎರಡು ಗಂಟೆ ದಾರಿಯ ಪೊಮೊನಾದ ನಮ್ಮ ಮನೆಯಲ್ಲಿ ಅಜ್ಜಿ ಎರಡನೆಯ ಸುತ್ತಿನ ಕಾಫಿಗೆ ಹಾಲಿಡುವಾಗ, ಸಾಗರದಾಚೆ ಪೋರ್ಚುಗಲ್ಲಿನ ಏವೊರಾ ಎಂಬ ಊರಿನಲ್ಲಿ ಅಪ್ಪ ಶೂ ಹಾಕಿಕೊಂಡು ವಾಕಿಂಗ್ ಹೊರಡುತ್ತಿದ್ದರು. ಫೋನ್ ಬಂದ ಕೂಡಲೇ ಅದನ್ನು ಅಕ್ಕಿಹಿಟ್ಟಿನ ಡಬ್ಬಿಗೆ ಒರಗಿಸಿ ನಿಲ್ಲಿಸುತ್ತಿದ್ದೆವು. ಅಷ್ಟರಲ್ಲಿ ಪರದೆಯೊಳಗೆ ಬಿಳಿಗೋಡೆಗಳು ಓಲಾಡತೊಡಗುತ್ತಿದ್ದವು.

ಆ ವರ್ಷದ ಕಥೆ ಎಲ್ಲರ ಬಳಿಯೂ ಒಂದೊಂದಿದೆ. ಬಾಗಿಲಲ್ಲಿ ಪೇರಿಸಿದ ರಟ್ಟಿನ ಪೆಟ್ಟಿಗೆಗಳು, ಸೋಪುನೀರಿನಲ್ಲಿ ಮುಳುಗಿದ ಟೊಮೇಟೊ, ಊಟದ ಮೇಜಿನ ಮೇಲೇ ನಡೆಯುವ ಸ್ಕೂಲು: ಓದುತ್ತಿರುವ ನಿಮಗೂ ಇವೆಲ್ಲ ಗೊತ್ತು. ನಮ್ಮ ಮನೆಯಲ್ಲಿ ಆದದ್ದು ಇಷ್ಟು. ಅಪ್ಪ ಇಲ್ಲಿನ ಯೂನಿವರ್ಸಿಟಿಯಲ್ಲಿ ಸಿವಿಲ್ ಎಂಜಿನಿಯರಿಂಗ್ ಪಾಠ ಮಾಡುತ್ತಿದ್ದರು. ಹಳೆಯ ಕಲ್ಲುಕಟ್ಟಡವೆಂದರೆ ಅವರಿಗೆ ಹುಚ್ಚು. ಏವೊರಾದಲ್ಲಿ ಎತ್ತರದ ಕಮಾನುಗಳ ಮೇಲೆ ಊರಿಗೆ ನೀರು ತರುತ್ತಿದ್ದ ಪುರಾತನ ಕಾಲುವೆಯೊಂದಿದೆ. ಅದನ್ನು ಅಭ್ಯಾಸ ಮಾಡಲು ಒಂದು ಸೆಮಿಸ್ಟರಿನ ಮಟ್ಟಿಗೆ ಹೋದರು. ಅದೇ ಚಳಿಗಾಲದಲ್ಲಿ ಅಮ್ಮನ ಅಮ್ಮ, ಅಂದರೆ ಅಜ್ಜಿ, ಮೈಸೂರಿನಿಂದ ನಮ್ಮಲ್ಲಿಗೆ ಬಂದರು. ಮಾರ್ಚ್‌ನಲ್ಲಿ ಪ್ರಪಂಚ ಬಾಗಿಲು ಹಾಕಿಕೊಂಡಿತು. ಅಪ್ಪನ ಪಾಸ್‌ಪೋರ್ಟಿಗೆ ಹೊಸ ವೀಸಾ ಸ್ಟಾಂಪ್ ಬೀಳದೆ ಅವರು ಈ ದೇಶದೊಳಗೆ ಬರುವಂತಿರಲಿಲ್ಲ, ಸ್ಟಾಂಪ್ ಹಾಕುವ ಕಚೇರಿ ಮುಚ್ಚಿತ್ತು. ಅಜ್ಜಿಯ ವಿಮಾನವೂ ರದ್ದಾಯಿತು.

"ಹೋಗ್ಬೇಕಾದೋಳು ಇಲ್ಲೇ ಉಳ್ಕೊಂಡೆ, ಬರ್ಬೇಕಾದೋರು ಅಲ್ಲೇ ಉಳ್ಕೊಂಡ್ರು. ದೇವರು ಲಗೇಜ್ ಅದಲುಬದಲು ಮಾಡ್ಬಿಟ್ಟಿದಾನೆ ಕಣೇ" ಎಂದರು ಅಜ್ಜಿ.

ನನಗೆ ಆಗ ಹದಿಮೂರು. ಎಂಟು ವರ್ಷದವರೆಗೆ ಮೈಸೂರಿನಲ್ಲಿ ಬೆಳೆದಿದ್ದರಿಂದ ಕನ್ನಡ ಓದಲು ಬರುತ್ತಿತ್ತು. ಮರೆಯದಂತೆ ಅಜ್ಜಿ ಆ ವರ್ಷ ದಿನವೂ ಬರೆಸುತ್ತಿದ್ದರು. ತಂಗಿ ಇಂಪು ಇಲ್ಲೇ ಹುಟ್ಟಿದವಳು, ನಾಲ್ಕು ವರ್ಷ. ಕನ್ನಡವೆಲ್ಲ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತಿತ್ತು.

ಏವೊರಾ ಹೇಗಿತ್ತು ಎಂದು ಯಾರಾದರೂ ಕೇಳಿದರೆ ಈಗಲೂ ಕಣ್ಣುಮುಚ್ಚಿ ಹೇಳಬಲ್ಲೆ. ಬಯಲಿನ ನಡುವೆ ಒಂದು ದಿಬ್ಬ, ದಿಬ್ಬದ ಸುತ್ತ ಕೋಟೆ, ಕೋಟೆಯೊಳಗೆ ಒತ್ತೊತ್ತಾಗಿ ಬಿಳಿ ಮನೆಗಳು. ತುದಿಯಲ್ಲಿ ಕೋಟೆಯಂಥದೇ ಒಂದು ದೊಡ್ಡ ಚರ್ಚು. ಅದರ ಪಕ್ಕಕ್ಕೆ ರೋಮನ್ನರ ಕಾಲದ ಗುಡಿ. ಮಾಡು ಇಲ್ಲ, ಗೋಡೆ ಇಲ್ಲ, ಬರಿಯ ಕಂಬಗಳು. ಕೆಳಗೆ ಇಳಿದರೆ ಚೌಕ, ಚೌಕದಲ್ಲಿ ಕಾರಂಜಿ, ಬಿಸಿಲಿಗೆ ತಲೆ ಮರೆಸಲು ಕಮಾನು ಸಾಲು. ಊರ ಹೊರಗೆ ಆನೆಯ ಎತ್ತರ ಮೀರಿ ನಿಂತ ಕಾಲುವೆಯ ಕಮಾನುಗಳು ಊರೊಳಗೆ ಬರುಬರುತ್ತಾ, ನೆಲ ಏರಿದ ಹಾಗೆಲ್ಲ ಕುಳ್ಳಾಗುತ್ತವೆ. ಜನ ಆ ಕಮಾನುಗಳನ್ನು ಸುಮ್ಮನೆ ಬಿಟ್ಟಿಲ್ಲ. ಒಂದೊಂದರ ಕೆಳಗೂ ಗೋಡೆ ಎಬ್ಬಿಸಿ, ಬಾಗಿಲಿಟ್ಟು, ಮನೆ ಮಾಡಿಕೊಂಡಿದ್ದಾರೆ. ಅಪ್ಪನ ಬಾಡಿಗೆ ಮನೆಯೂ ಅಂಥದೊಂದು ಕಮಾನಿನ ಕೆಳಗಿತ್ತು. ಬೇಸಿಗೆಯಲ್ಲಿ ಕಲ್ಲು ತಂಪಾಗಿರುತ್ತಿತ್ತಂತೆ.

ಇಷ್ಟೆಲ್ಲ ಹೇಳುತ್ತೇನಲ್ಲ, ನಾನು ಆ ಊರಿಗೆ ಹೋಗಿಲ್ಲ. ಇವತ್ತಿನವರೆಗೂ ಹೋಗಿಲ್ಲ. ನನ್ನ ನೆನಪಿನ ಬಗ್ಗೆ ನನಗೆ ಅನುಮಾನ ಶುರುವಾದದ್ದೇ ಇಲ್ಲಿಂದ. ಉದಾಹರಣೆಗೆ ಏವೊರಾದ ವಾಸನೆ ನನಗೆ ಚೆನ್ನಾಗಿ ನೆನಪಿದೆ: ಹಸಿ ಕೊತ್ತಂಬರಿಸೊಪ್ಪು, ಬೆಳ್ಳುಳ್ಳಿ. ಆ ಸೀಮೆಯವರು ಅಡುಗೆಗೆ ಕೊತ್ತಂಬರಿಯನ್ನು ಧಾರಾಳವಾಗಿ ಹಾಕುತ್ತಾರೆಂದು ಅಪ್ಪ ಹಿಗ್ಗಿ ಹೇಳಿದ್ದರು. ಆದರೆ ಫೋನಿನಿಂದ ವಾಸನೆ ಬರುವುದುಂಟೆ? ಅದೇ ಹೊತ್ತಿಗೆ ನಮ್ಮ ಅಡುಗೆಮನೆಯಲ್ಲಿ ಅಜ್ಜಿ ದೋಸೆಗೆ ಚಟ್ನಿ ರುಬ್ಬುತ್ತಿದ್ದರು. ಮೂಗು ಪೊಮೊನಾದ ಚಟ್ನಿಯನ್ನು ಕಣ್ಣು ಕಂಡ ಊರಿಗೆ ಜಮೆ ಮಾಡಿಬಿಟ್ಟಿದೆ.

"ಏನ್ ಅಳಿಯಂದ್ರೇ ಅದು, ತಟ್ಟೇಲಿ?" ಅಜ್ಜಿ ಒಂದು ದಿನ ಕೇಳಿದರು.

"ಇಲ್ಲಿಯ ಊಟ ಅತ್ತೆ. ಒಣಗಿದ ಬ್ರೆಡ್ಡು, ಬೆಳ್ಳುಳ್ಳಿ, ಕೊತ್ತಂಬರಿ. ಮೇಲೆ ಬಿಸಿನೀರು, ಆಲಿವ್ ಎಣ್ಣೆ."

"ತಂಗಳು ಬ್ರೆಡ್ಡಿಗೆ ಬಿಸಿನೀರು ಸುರ್ಕೊಂಡು ತಿಂತಿದೀರಾ? ಅಯ್ಯೋ ಪಾಪ."

"ಸಾರನ್ನದ ಹಾಗೇ ಇದೆ ಅತ್ತೆ, ನಿಜವಾಗ್ಲೂ."

"ಸಾರು ಅಂದ್ರೆ ಬೇಳೆ ಬೇಯ್ಬೇಕು" ಎಂದು ಅಜ್ಜಿ ತೀರ್ಪು ಕೊಟ್ಟರು. ಅಪ್ಪ ನಕ್ಕು ಫೋನನ್ನು ಬೀದಿಯತ್ತ ತಿರುಗಿಸಿದರು.

ಮೊದಮೊದಲು ಇಂಪು ಫೋನ್ ಸದ್ದಾದರೆ ಓಡಿ ಬರುತ್ತಿದ್ದಳು. ಚಿಮಣಿಯ ಮೇಲೆ ಗೂಡು ಕಟ್ಟಿದ ಕೊಕ್ಕರೆ ತೋರಿಸು ಎಂದು ಹಟ ಮಾಡುತ್ತಿದ್ದಳು. "ಅಪ್ಪ, ಊಟ ಆಯ್ತಾ?" ಎಂದು ಅಜ್ಜಿ ಹೇಳಿಕೊಟ್ಟ ಹಾಗೆ ಕೇಳುತ್ತಿದ್ದಳು, ಅವಳ ಬಾಯಲ್ಲಿ ಪೂರ್ತಿ ಬರುತ್ತಿದ್ದ ಕನ್ನಡ ವಾಕ್ಯ ಅದೊಂದೇ. ಬೇಸಿಗೆ ಕಳೆಯುತ್ತಿದ್ದಂತೆ ಬರುವುದನ್ನು ನಿಲ್ಲಿಸಿದಳು. ಕರೆದರೆ ಮೇಜಿನ ಕೆಳಗೆ ನುಸುಳುತ್ತಿದ್ದಳು. "ದಟ್ಸ್ ನಾಟ್ ಅಪ್ಪ, ದಟ್ಸ್ ದಿ ಫೋನ್" ಎಂದಳು ಒಮ್ಮೆ. ಅಪ್ಪನಿಗೆ ಕೇಳಿಸಿತು. ಆ ಕಡೆ ಬೀದಿ ಸ್ವಲ್ಪ ಹೊತ್ತು ಅಲುಗಾಡದೆ ನಿಂತಿತು.

ಸೆಪ್ಟೆಂಬರಿನಲ್ಲಿ ನಮ್ಮ ಉತ್ತರದ ಬೆಟ್ಟಗಳಿಗೆ ಬೆಂಕಿ ಬಿದ್ದು, ಕಾರಿನ ಮೇಲೆ ಬೂದಿ ಉದುರುತ್ತಿದ್ದ ವಾರ, ಅವಳ ಪ್ರೀಸ್ಕೂಲಿನ ಟೀಚರ್ ಮನೆಯವರ ಚಿತ್ರ ಬರೆಯಲು ಹೇಳಿದರು. ಇಂಪು ಅಜ್ಜಿಯನ್ನು ಬರೆದಳು, ಅಮ್ಮನನ್ನು ಬರೆದಳು, ಉದ್ದ ಜಡೆಯ ನನ್ನನ್ನು ಬರೆದಳು. ಆಮೇಲೆ ಪಕ್ಕದಲ್ಲಿ ಒಂದು ಚಚ್ಚೌಕ ಎಳೆದು ಅದಕ್ಕೆ ಕಪ್ಪು ಬಣ್ಣ ತುಂಬಿದಳು. ಅಮ್ಮ ಆಫೀಸಿನ ಕರೆಯ ನಡುವೆಯೇ ಅದನ್ನು ನೋಡಿದರು. ಲ್ಯಾಪ್‌ಟಾಪ್ ಮುಚ್ಚಿ ಎದ್ದು ಹೋಗಿ, ತೊಳೆದಿಟ್ಟಿದ್ದ ಪಾತ್ರೆಗಳನ್ನು ಮತ್ತೆ ತೊಳೆಯತೊಡಗಿದರು.

"ಅವರು ಬಂದಾಗ ಇವಳಿಗೆ ಗುರ್ತು ಸಿಗತ್ತಾ ಅಮ್ಮ?" ಎಂದು ಅಜ್ಜಿಯನ್ನು ಕೇಳಿದರು. ಅಜ್ಜಿ ಅಮ್ಮನ ಕೈಯಿಂದ ಪಾತ್ರೆ ತೆಗೆದುಕೊಂಡು ಒರೆಸಿಡತೊಡಗಿದರು.

ನವರಾತ್ರಿ ಹತ್ತಿರ ಬಂತು. ಗೊಂಬೆ ಕೂರಿಸುವ ಮನೆ ನಮ್ಮದು. ಅಜ್ಜಿಯ ಗೊಂಬೆಗಳೆಲ್ಲ ಮೈಸೂರಿನ ಅಟ್ಟದ ಮೇಲೆ. ಇಲ್ಲಿ ಅಮ್ಮನ ಬಳಿ ಇದ್ದದ್ದು ಪಟ್ಟದ ಗೊಂಬೆಯ ರಾಜ ರಾಣಿ, ಹತ್ತಿರದ ಆರ್ಟೀಸಿಯಾ ಊರಿನ ಇಂಡಿಯನ್ ಅಂಗಡಿಯಲ್ಲಿ ಕೊಂಡ ಒಂದಷ್ಟು ಮಣ್ಣಿನ ದೇವರುಗಳು, ಮತ್ತೆ ಶೆಟ್ಟರು ಶೆಟ್ಟಮ್ಮ. ಹೊಟ್ಟೆ ಮುಂದೆ ಬಿಟ್ಟುಕೊಂಡು ದಿನಸಿ ಅಂಗಡಿ ಹಾಕಿ ಕೂತಿರುವ ಆ ದಂಪತಿಗಳಿಲ್ಲದೆ ಮೈಸೂರಿನವರ ಗೊಂಬೆ ಹಬ್ಬ ಆಗುವುದಿಲ್ಲ.

ಗೊಂಬೆ ಕೂರಿಸುವ ಮೆಟ್ಟಿಲ ಮುಂದೆ ನೆಲದ ಮೇಲೆ ಪಾರ್ಕ್ ಮಾಡುವುದು ವಾಡಿಕೆ. ಸಾಮಾನ್ಯವಾಗಿ ಮೃಗಾಲಯ, ಇಲ್ಲವೇ ಬೆಟ್ಟ. ಆ ವರ್ಷ ಏವೊರಾ ಮಾಡೋಣ ಎಂದವರು ಯಾರು? ನಾನೇ ಎಂದು ನನ್ನ ನೆನಪು. ಅಜ್ಜಿ ಎಂದು ಅಮ್ಮನ ನೆನಪು. ಅಮ್ಮ ಎಂದು ಅಜ್ಜಿ ಈಗಲೂ ಫೋನಿನಲ್ಲಿ ಹೇಳುತ್ತಾರೆ. ಮೂವರ ಮನಸ್ಸಿನಲ್ಲೂ ಒಟ್ಟಿಗೇ ಇತ್ತೇನೋ.

ರಟ್ಟಿಗೆ ಬರವಿರಲಿಲ್ಲ. ಪೆಟ್ಟಿಗೆಗಳನ್ನು ಕತ್ತರಿಸಿ ಮನೆ ಮಾಡಿದೆವು, ಶೂ ಡಬ್ಬಿಗಳಲ್ಲಿ ಕಮಾನು ಕೊರೆದು ಸಾಲಾಗಿ ಜೋಡಿಸಿದೆವು. ಗ್ಯಾರೇಜಿನಲ್ಲಿ ಉಳಿದಿದ್ದ ಬಿಳಿ ಪೇಂಟ್ ಬಳಿದೆವು. ಬೆಳಿಗ್ಗೆ ಬೆಳಿಗ್ಗೆ ಅಪ್ಪ ಬೀದಿಯಲ್ಲಿ ನಿಂತು ಅಳತೆ ಹೇಳುತ್ತಿದ್ದರು, ಅಜ್ಜಿ ಕುರ್ಚಿಯಲ್ಲಿ ಕೂತು ಅಪ್ಪನನ್ನು ಓಡಾಡಿಸುತ್ತಿದ್ದರು.

"ಅಳಿಯಂದ್ರೇ, ಸ್ವಲ್ಪ ಹಿಂದಕ್ಕೆ ಹೋಗಿ. ಆ ಮನೆ ಬುಡದಲ್ಲಿ ಹಳದಿ ಪಟ್ಟಿ ಇದೆಯಲ್ಲ, ಏನದು?"

"ಎಲ್ಲಾ ಮನೆಗೂ ಬಳೀತಾರೆ ಅತ್ತೆ. ಕೆಟ್ಟದ್ದು ಒಳಗೆ ಬರಲ್ಲ ಅಂತ ಹಳಬರು ಹೇಳ್ತಾರಂತೆ."

"ಹೊಸ್ತಿಲಿಗೆ ಅರಿಶಿನ ಹಚ್ಚಿದ ಹಾಗೆ ಅನ್ನಿ! ನಮ್ಮೋರೇ ಬಿಡಿ." ಅಷ್ಟು ಹೇಳಿ ಅಜ್ಜಿ ಬಟ್ಟಲಿನಲ್ಲಿ ಅರಿಶಿನ ಕಲೆಸಿ, ಒಂದೊಂದು ರಟ್ಟಿನ ಮನೆಯ ಬುಡಕ್ಕೂ ಬೆರಳಿನಿಂದಲೇ ಪಟ್ಟಿ ಎಳೆದರು.

ರೋಮನ್ ಗುಡಿಯ ಕಂಬಗಳಿಗೆ ನಾನು ಆ ವರ್ಷ ಜನ ಜಗಳವಾಡಿ ಕೊಂಡಿದ್ದ ಟಾಯ್ಲೆಟ್ ಪೇಪರಿನ ಸುರುಳಿಗಳನ್ನು ಕೂಡಿಟ್ಟಿದ್ದೆ. ಅಜ್ಜಿ ನೋಡಿ ಕೂಗಿದರು, "ಕಕ್ಕಸಿನ ಕಾಗದದಲ್ಲಿ ದೇವಸ್ಥಾನ ಕಟ್ತೀಯೇನೇ? ಎತ್ತಾಚೆಗೆ!" ಕಿಚನ್ ಪೇಪರಿನ ಸುರುಳಿ ಆಗಬಹುದು ಎಂದು ಆಮೇಲೆ ಒಪ್ಪಿದರು. ಕಂಬಗಳು ನಿಂತವು. ಒಳಗೆ ಯಾವ ದೇವರು?

"ಯಾವುದೋ ಗೊತ್ತಿಲ್ಲ ಅತ್ತೆ. ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಮಧ್ಯದಲ್ಲಿ ಎಷ್ಟೋ ಕಾಲ ಮಾಂಸದ ಅಂಗಡಿ ಆಗಿತ್ತಂತೆ."

"ಶಿವ ಶಿವಾ!" ದೇವರಿಲ್ಲದ ಗುಡಿಯನ್ನು ಹಬ್ಬದ ಮನೆಯಲ್ಲಿ ಇಡಬಾರದೆಂದು ಅಜ್ಜಿ ಕಿರುಬೆರಳುದ್ದದ ಒಂದು ಗಣಪತಿಯನ್ನು ಅಲ್ಲಿ ಕೂರಿಸಿದರು. ಮೂಳೆಗಳಿಂದಲೇ ಗೋಡೆ ಕಟ್ಟಿದ ಒಂದು ಪ್ರಾರ್ಥನಾಮಂದಿರವೂ ಆ ಊರಲ್ಲಿದೆ. ಅದನ್ನು ಮಾಡಬೇಕೆಂದು ನನಗೆ ಬಲು ಆಸೆ. ಅಜ್ಜಿ ಬಿಲ್‌ಕುಲ್ ಬಿಡಲಿಲ್ಲ. ಕೊನೆಗೆ ಬರಿಯ ಒಂದು ಮುಚ್ಚಿದ ಬಾಗಿಲು ಮಾಡಿ ನಿಲ್ಲಿಸಿ, "ಒಳಗಡೆ ಏನಿದೆ ಅಂತ ಯಾರೂ ಕೇಳ್ಬೇಡಿ" ಎಂದು ರಾಜಿಯಾದೆವು. ಕೋಟೆಯ ಹೊರಗೆ ಟ್ರೇಗಳಲ್ಲಿ ಸಾಸಿವೆ ಚೆಲ್ಲಿ ಬಯಲು ಬೆಳೆಸಿದೆವು.

ಇಂಪು ಇದನ್ನೆಲ್ಲ ದೂರದಿಂದ ನೋಡುತ್ತಿದ್ದಳು. ಒಂದು ಮಧ್ಯಾಹ್ನ ಸುಮ್ಮನೆ ಬಂದು, ಶೆಟ್ಟರನ್ನು ಶೆಟ್ಟಮ್ಮನ ಪಕ್ಕದಿಂದ ಎತ್ತಿಕೊಂಡು ಹೋಗಿ, ಅಪ್ಪನ ಮನೆ ಎಂದು ನಾವು ತೋರಿಸಿದ್ದ ಕಮಾನಿನ ಕೆಳಗೆ ಕೂರಿಸಿದಳು.

"ಯಾರದು?" ಎಂದೆ.

"ಅಪ್ಪ." ಅವಳಿಗೆ ಅದರಲ್ಲಿ ಯಾವ ಸಂಶಯವೂ ಇರಲಿಲ್ಲ.

ಅಮ್ಮ ನಕ್ಕರು, "ಹೊಟ್ಟೆ ನೋಡಿದ್ರೆ ಸರಿಯಾಗೇ ಇದೆ." ಬಹಳ ದಿನಗಳ ಮೇಲೆ ಅಮ್ಮ ಬಾಯಿತುಂಬ ನಕ್ಕದ್ದು ಅದು.

ಮೈಸೂರಿನಲ್ಲಾದರೆ ಮಕ್ಕಳು ಮನೆಮನೆಯ ಬಾಗಿಲಿಗೆ ಹೋಗಿ "ಗೊಂಬೆ ಕೂರ್ಸಿದೀರಾ?" ಎಂದು ಕೇಳಿ, ನೋಡಿ, ಬೊಂಬೆ ತಿಂಡಿ ಈಸಿಕೊಂಡು ಬರುತ್ತಾರೆ. ಆ ವರ್ಷ ಯಾರು ಬರಬೇಕು? ಅಜ್ಜಿ ಆದರೂ ದಿನವೂ ತಿಂಡಿ ಮಾಡಿದರು; ಕೊಬ್ಬರಿ ಮಿಠಾಯಿ, ಎಳ್ಳು ಚಿಗಳಿ. ಹಬ್ಬದ ಎರಡನೆಯ ದಿನವೋ ಮೂರನೆಯ ದಿನವೋ ಫೋನ್ ಬಂತು. ಪರದೆಯಲ್ಲಿ ಅಪ್ಪ ಜುಬ್ಬಾ ಹಾಕಿ, ತಲೆಗೆ ನೀರು ಹಚ್ಚಿ ಬಾಚಿಕೊಂಡಿದ್ದರು. ತಮ್ಮದೇ ಮನೆಯ ಬಾಗಿಲನ್ನು ಹೊರಗಿನಿಂದ ಟಕಟಕ ತಟ್ಟಿ, ಚಿಕ್ಕ ಹುಡುಗನ ಗಂಟಲಿನಲ್ಲಿ ಕೂಗಿದರು: "ರೀ, ಗೊಂಬೆ ಕೂರ್ಸಿದೀರಾ?"

ಇಂಪು ಮೇಜಿನ ಕೆಳಗಿದ್ದಳು. ಅಜ್ಜಿ ಅವಳತ್ತ ಬಗ್ಗಿ, "ನೋಡು ಮರಿ, ಯಾರೋ ಗೊಂಬೆ ನೋಡಕ್ಕೆ ಬಂದಿದಾರೆ. ಕರ್ಕೊಂಡ್ಹೋಗಿ ತೋರ್ಸು" ಎಂದರು.

ಅವಳು ಹೊರಬಂದಳು. ಎರಡೂ ಕೈಯಲ್ಲಿ ಫೋನ್ ಹಿಡಿದು, ನೆಲಕ್ಕೆ ಬಗ್ಗಿ, ರಟ್ಟಿನ ಬೀದಿಗಳೊಳಗೆ ಅಪ್ಪನನ್ನು ಮೆಲ್ಲಗೆ ಕರೆದುಕೊಂಡು ಹೋದಳು. ಚೌಕ ತೋರಿಸಿದಳು. ಕಾರಂಜಿ ತೋರಿಸಿದಳು. ಕಮಾನಿನ ಮುಂದೆ ನಿಲ್ಲಿಸಿ, "ದಿಸ್ ಈಸ್ ಯುವರ್ ಹೌಸ್. ದಿಸ್ ಈಸ್ ಯು" ಎಂದಳು. ಫೋನಿನೊಳಗೆ ಯಾರೋ ಮೂಗು ಒರೆಸಿಕೊಂಡ ಸದ್ದಾಯಿತು.

ವಿಜಯದಶಮಿಯ ಸಂಜೆ ಆರತಿಯಾದ ಮೇಲೆ ಪಟ್ಟದ ಗೊಂಬೆಗಳನ್ನು ಮಲಗಿಸುವುದು ಪದ್ಧತಿ. ಮಲಗಿಸಿದ ಗೊಂಬೆ ಮತ್ತೆ ಏಳುವುದು ಮುಂದಿನ ವರ್ಷ. ಅಜ್ಜಿ ರಾಜನನ್ನು ಮಲಗಿಸಿದರು, ರಾಣಿಯನ್ನು ಮಲಗಿಸಿದರು. ಒಂದೊಂದೇ ಗೊಂಬೆಯನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕುತ್ತಾ ನೆಲಕ್ಕಿಳಿದು, ಕಮಾನಿನ ಕೆಳಗಿದ್ದ ಶೆಟ್ಟರಿಗೆ ಕೈ ಹಾಕಿದರು.

ಇಂಪು ಕಿರುಚಿದ ರೀತಿ ನನಗೆ ಮರೆತಿಲ್ಲ. ಇಲ್ಲಿ ನನಗೆ ನೆನಪಿನ ಮೇಲೆ ಅನುಮಾನವಿಲ್ಲ. ಅಮ್ಮನಿಗೂ ಅಜ್ಜಿಗೂ ಇದು ಒಂದೇ ತರಹ ನೆನಪಿದೆ. "ನೋ ಅಜ್ಜಿ! ನಾಟ್ ಅಪ್ಪ! ಬಾಕ್ಸ್‌ನಲ್ಲಿ ಹಾಕ್ಬೇಡ!" ಎಂದು ಇಂಗ್ಲಿಷು ಕನ್ನಡ ಬೆರೆಸಿ ಅರಚುತ್ತಾ ಶೆಟ್ಟರನ್ನು ಕಿತ್ತುಕೊಂಡು ಎದೆಗೆ ಅವಚಿಕೊಂಡಳು. ಮುಂದಿನ ದಸರೆಯವರೆಗೆ ಅಪ್ಪನನ್ನು ಸುತ್ತಿ ಗ್ಯಾರೇಜಿನ ಅಟ್ಟಕ್ಕೆ ಎತ್ತಿಬಿಡುತ್ತಾರೆ ಎಂದು ಅವಳ ಲೆಕ್ಕ. ಬಿಕ್ಕಿ ಬಿಕ್ಕಿ ಅತ್ತಳು. ಅಮ್ಮ ಅವಳನ್ನು ಎತ್ತಿಕೊಂಡು ತಾವೂ ಅತ್ತರು.

ಹಬ್ಬ ಮುಗಿದ ಮೇಲೆ ಗೊಂಬೆಯನ್ನು ಹೊರಗೆ ಬಿಡುವುದು ಅಜ್ಜಿಯ ಪ್ರಕಾರ ಶಾಸ್ತ್ರಕ್ಕೆ ಒಗ್ಗದ ಮಾತು. ಅವರು ಸೆರಗಿನಿಂದ ಕೈ ಒರೆಸಿಕೊಂಡು ಸ್ವಲ್ಪ ಯೋಚಿಸಿದರು.

"ಸರಿ. ರಾಜ ರಾಣಿ ಮಲಗಿದ್ರು, ಅವರಿಗೇನು ಕೆಲಸ. ಶೆಟ್ಟರಿಗೆ ಅಂಗಡಿ ಬಾಗಿಲು ಹಾಕೋ ಹೊತ್ತು ಇನ್ನೂ ಆಗಿಲ್ಲ. ಅವರು ಇರ್ಲಿ. ನಿಮ್ಮಪ್ಪ ಬರೋ ತನಕ ಇರ್ಲಿ."

ಹಾಗೆ ಏವೊರಾ ನಮ್ಮ ನಡುಮನೆಯಲ್ಲೇ ಉಳಿಯಿತು. ಸಾಸಿವೆಯ ಬಯಲು ಒಣಗಿತು. ಅಮ್ಮ ಕಾಫಿ ಹಿಡಿದು ಕೋಟೆಗೋಡೆ ದಾಟಿ ಆಫೀಸಿನ ಮೀಟಿಂಗಿಗೆ ಹೋಗುತ್ತಿದ್ದರು. ಇಂಪು ಬೆಳಿಗ್ಗೆ ಫೋನ್ ಹಿಡಿದು ಕೂರುತ್ತಿದ್ದಳು. ಅಪ್ಪ ಅಲ್ಲಿ ಒಂದು ಬೀದಿ ತಿರುಗಿದರೆ ಇವಳು ಇಲ್ಲಿ ಶೆಟ್ಟರನ್ನು ಅದೇ ಬೀದಿಗೆ ತಿರುಗಿಸುತ್ತಿದ್ದಳು. ದಾರಿ ತಪ್ಪಿದರೆ ಅಪ್ಪನಿಗೇ ಬೈಯುತ್ತಿದ್ದಳು.

ಅಪ್ಪನಿಗೆ ಸ್ಟಾಂಪ್ ಸಿಕ್ಕಿ ಅವರು ಬಂದದ್ದು ಡಿಸೆಂಬರಿನಲ್ಲಿ. ಬಂದವರೇ ನೇರ ಗ್ಯಾರೇಜಿಗೆ, ಕ್ವಾರಂಟೈನ್. ಒಂದೇ ಸೂರಿನಡಿ ಇದ್ದುಕೊಂಡು ಮತ್ತೆ ಫೋನಿನಲ್ಲೇ ಮಾತು. ಕೊನೆಗೆ ಒಂದು ಬೆಳಿಗ್ಗೆ ಗ್ಯಾರೇಜಿನ ಬಾಗಿಲು ತೆರೆದು ನಡುಮನೆಗೆ ಬಂದರು. ನಾನು ಓಡಿ ತಬ್ಬಿಕೊಂಡೆ. ಇಂಪು ಅಜ್ಜಿಯ ಸೀರೆಯ ಹಿಂದೆ ಸೇರಿಕೊಂಡಳು. ಅವರನ್ನು ನೋಡಿದಳು, ಕೈಯಲ್ಲಿದ್ದ ಶೆಟ್ಟರನ್ನು ನೋಡಿದಳು.

"ಯು ಆರ್ ಟೂ ಬಿಗ್" ಎಂದಳು.

ಅಪ್ಪ ಮುಂದಕ್ಕೆ ಬರಲಿಲ್ಲ, ಕೈ ಚಾಚಲಿಲ್ಲ. ಹಾಗೇ ಮೊಣಕಾಲೂರಿ, ಆಮೇಲೆ ಉದ್ದಕ್ಕೆ ನೆಲದ ಮೇಲೆ ಮಲಗಿ, ಕೆನ್ನೆಯನ್ನು ರಟ್ಟಿನ ಬೀದಿಗೆ ಆನಿಸಿದರು. ಕಾಲುಗಳು ಕೋಟೆಯ ಆಚೆ, ಅಡುಗೆಮನೆಯವರೆಗೆ ಚಾಚಿದ್ದವು. ಮುಖ ಮಾತ್ರ ಕಮಾನಿನ ಎದುರು, ಒಂದು ಫೋನಿನಷ್ಟು ಹತ್ತಿರ.

ಇಂಪು ಸೀರೆ ಬಿಟ್ಟು ಬಂದಳು. ಅವಳೂ ಹೊಟ್ಟೆಯ ಮೇಲೆ ಮಲಗಿ, ಕಮಾನಿನ ಈ ಕಡೆಯಿಂದ ಇಣುಕಿದಳು. ಬಹಳ ಹೊತ್ತು ನೋಡಿದಳು. ಬೆರಳಿನಿಂದ ಅಪ್ಪನ ಮೂಗು ಒತ್ತಿದಳು, ಪರದೆ ಒತ್ತುವ ಹಾಗೆ.

"ಅಪ್ಪ, ಊಟ ಆಯ್ತಾ?"

ಅವತ್ತೇ ಸಂಜೆ ಶೆಟ್ಟರನ್ನು ಅವಳೇ ಸೀರೆಯ ತುಂಡಿನಲ್ಲಿ ಸುತ್ತಿ ಶೆಟ್ಟಮ್ಮನ ಪಕ್ಕದಲ್ಲಿ ಮಲಗಿಸಿದಳು.

ಈಗ ಅಜ್ಜಿ ಮೈಸೂರಿನಲ್ಲಿದ್ದಾರೆ. ನಾನು ಸ್ಯಾನ್ ಡಿಯೇಗೋದಲ್ಲಿ ಓದುತ್ತಾ, ರಜೆ ಸಿಕ್ಕಿದಾಗ ಫ್ರೀವೇ ಹಿಡಿದು ಮನೆಗೆ ಬರುತ್ತೇನೆ. ಎಲ್ಲರೂ ಚೆನ್ನಾಗಿದ್ದೇವೆ. ಆದರೂ ಒಂದು ಮಾತು ಹೇಳಬೇಕು. ದೂರವಿದ್ದ ಅಪ್ಪ ದಿನವೂ ನಮಗಾಗಿ ಒಂದು ಊರನ್ನೇ ಕೈಯಲ್ಲಿ ಹಿಡಿದು ತೋರಿಸುತ್ತಿದ್ದರು. ಒಂದು ಬಾಗಿಲಿನ ಚಿಲಕ, ಗೋಡೆಯ ಮೇಲಿನ ಬೆಕ್ಕು, ಯೂನಿವರ್ಸಿಟಿಯ ಗೋಡೆಗೆ ಅಂಟಿಸಿದ ನೀಲಿ ಹೆಂಚುಗಳು. ಮನೆಗೆ ಬಂದ ಅಪ್ಪ ಎಲ್ಲ ಅಪ್ಪಂದಿರಂತೆ ಸುಸ್ತಾಗಿ ಬಂದು ಸೋಫಾದಲ್ಲಿ ಕೂರುತ್ತಾರೆ. ನಮ್ಮ ಬೀದಿಯ ಮರಗಳನ್ನು ಅವರು ನಮಗೆ ಯಾವತ್ತೂ ತೋರಿಸಿಲ್ಲ. ನಾವೂ ಕೇಳಿಲ್ಲ. ನಾಲ್ವರು ಒಂದೇ ಪರದೆಗೆ ತಲೆ ತಾಗಿಸಿ ನಿಲ್ಲುತ್ತಿದ್ದ ಆ ಬೆಳಗುಗಳು ಹೋದವು. ಅವು ಮರಳಲಿ ಎಂದು ಕೇಳಲು ಬಾಯಿ ಬರುವುದಿಲ್ಲ. ಅವು ಮರಳಬೇಕಾದರೆ ಯಾರಾದರೊಬ್ಬರು ದೂರವಾಗಬೇಕು.

ಕಳೆದ ತಿಂಗಳು ಆರ್ಟೀಸಿಯಾಕ್ಕೆ ಹೊರಟಿದ್ದೆವು. ಅಪ್ಪ ಡ್ರೈವ್ ಮಾಡುತ್ತಿದ್ದರು, ಪಕ್ಕದಲ್ಲಿ ನಾನು. ಹಿಂದಿನ ಸೀಟಿನಲ್ಲಿ ಇಂಪು ಮತ್ತು ಅವಳ ಗೆಳತಿ. ಗೆಳತಿ ತಾನು ನೋಡಿದ ದೇಶಗಳನ್ನು ಹೇಳುತ್ತಿದ್ದಳು. ಇಂಪು ಇಂಗ್ಲಿಷಿನಲ್ಲಿ ತೀರಾ ಸಹಜವಾಗಿ ಹೇಳಿದಳು: ಚಿಕ್ಕವಳಿದ್ದಾಗ ನಾನು ಪೋರ್ಚುಗಲ್ಲಿನಲ್ಲಿದ್ದೆ. ಅಪ್ಪ ದಿನವೂ ನನ್ನನ್ನು ವಾಕಿಂಗ್ ಕರೆದುಕೊಂಡು ಹೋಗುತ್ತಿದ್ದರು.

ಅವಳು ಸುಳ್ಳು ಹೇಳುತ್ತಿರಲಿಲ್ಲ. ನಾನು ಅವಳ ದನಿಯನ್ನು ಬಲ್ಲೆ. ಅವಳಿಗೆ ಹಾಗೇ ನೆನಪಿದೆ. ಅವಳು ಅಪ್ಪನನ್ನು ಮರೆತಾಳೆಂದು ಆ ವರ್ಷವಿಡೀ ನಾವೆಲ್ಲ ಹೆದರಿದ್ದೆವು. ಅವಳು ಮರೆತದ್ದು ಅಪ್ಪ ಇಲ್ಲದ್ದನ್ನು. ತಿದ್ದಬೇಕೆ ಎಂದು ಅಪ್ಪನ ಕಡೆ ತಿರುಗಿದೆ.

"ಈಸ್ ದಟ್ ಟ್ರೂ, ಅಂಕಲ್?" ಎಂದು ಗೆಳತಿ ಕೇಳಿದಳು.

ಅಪ್ಪ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

"ಎವ್ರಿ ಡೇ" ಎಂದರು. ಆಮೇಲೆ ನನಗಷ್ಟೇ ಕೇಳುವ ಹಾಗೆ, ಕನ್ನಡದಲ್ಲಿ: "ಒಂದು ದಿನಾನೂ ತಪ್ಪಿಸ್ಲಿಲ್ಲ."